ಮರಕ್ಕೆ ಕಿವಿ ಬರೆದ ಗುಮಾಸ್ತ

ಕಳೆದ ಬೇಸಿಗೆ ರಜೆಯಲ್ಲಿ ನಡೆದದ್ದು. ಐದನೇ ತರಗತಿ ಮುಗಿಸಿದ್ದ ನನ್ನ ಮೊಮ್ಮಗಳು ನಡುಮನೆಯಲ್ಲಿ ಬೋರಲು ಮಲಗಿ ಚಿತ್ರ ಬರೆಯುತ್ತಿದ್ದಳು. ಹಣಕಿ ನೋಡಿದೆ. ಮಾವಿನ ಮರ. ಅದರ ಕಾಂಡದ ನಟ್ಟನಡುವೆ ದೊಡ್ಡದೊಂದು ಕಿವಿ.

"ಮರಕ್ಕೆ ಕಿವಿ ಇರುತ್ತೇನಮ್ಮಾ?" ಎಂದೆ.

"ಅಳಿಲು ಏನು ಹೇಳ್ತು ಅಂತ ಅದಕ್ಕೆ ಕೇಳಿಸಬೇಡವಾ ತಾತ?" ಎಂದಳು.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದವನು ನಾನು. ತಪ್ಪು ಎಂಟ್ರಿ ಕಂಡರೆ ಇವತ್ತಿಗೂ ಕೈ ಸುಮ್ಮನಿರುವುದಿಲ್ಲ. ಪಕ್ಕದಲ್ಲಿದ್ದ ರಬ್ಬರ್ ತೆಗೆದುಕೊಂಡು ಕಿವಿಯನ್ನು ಅಳಿಸಿಬಿಟ್ಟೆ. ಅವಳು ಅಳಲಿಲ್ಲ, ಜಗಳವಾಡಲಿಲ್ಲ. ಪುಸ್ತಕ ಮುಚ್ಚಿ ಎದ್ದು ಹೋದಳು. ಆ ರಜೆಯಲ್ಲಿ ಮತ್ತೆ ನನ್ನ ಎದುರಿಗೆ ಕೂತು ಚಿತ್ರ ಬರೆಯಲಿಲ್ಲ.

ಶಾಲೆ ಶುರುವಾದ ಮೇಲೆ ಒಂದು ಸಂಜೆ ಲೈಬ್ರರಿಯಿಂದ ದಪ್ಪನೆಯ ಚಿತ್ರಪುಸ್ತಕವೊಂದನ್ನು ಹೊತ್ತು ತಂದಳು. ನಾನು ಕಾಫಿ ಕುಡಿಯುತ್ತಿದ್ದೆ. ಲೋಟದ ಪಕ್ಕದಲ್ಲೇ ಪುಸ್ತಕ ಬಿಚ್ಚಿಟ್ಟು, ಒಂದು ಕಡೆ ಬೆರಳಿಟ್ಟು ಸುಮ್ಮನೆ ನಿಂತಳು. ಹಳದಿ ಬಣ್ಣದ ಹೊಲ. ಅದರಲ್ಲೊಂದು ಮರ. ಮರದ ಕಾಂಡಕ್ಕೆ ಸಾಕ್ಷಾತ್ ಮನುಷ್ಯರ ಕಿವಿ! ಎಲೆಗಳ ಮಧ್ಯೆ ಒಂದು ಕಣ್ಣು ಬೇರೆ. ಚಿತ್ರದ ಹೆಸರು 'ಉತ್ತ ಹೊಲ'. ಬರೆದದ್ದು 1923-24ರಲ್ಲಿ. ಈಗ ಇರುವುದು ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಂನಲ್ಲಿ.

"ಇದನ್ನೂ ಅಳಿಸ್ತೀಯಾ ತಾತ?" ಎಂದು ಕೇಳಿದಳು.

ಕಾಫಿ ಆರಿಹೋಯಿತು. ಕಲಾವಿದರ ಹೆಸರು ಜುವಾನ್ ಮಿರೋ. ಹೆಸರಿನ ಇಂಗ್ಲಿಷ್ ಕಾಗುಣಿತ ನೋಡಿ ಯಾರೋ ಜೋನ್ ಎಂಬ ಹೆಂಗಸಿರಬೇಕೆಂದುಕೊಂಡಿದ್ದೆ, ಅಷ್ಟು ನನ್ನ ಕಲಾಜ್ಞಾನ. ಆದರೆ ಅವರ ಕಥೆ ಓದುತ್ತಾ ಹೋದ ಹಾಗೆ ನನಗೆ ಆಶ್ಚರ್ಯವೋ ಆಶ್ಚರ್ಯ. ಈ ಮಹಾನುಭಾವರೂ ಒಂದು ಕಾಲದಲ್ಲಿ ನಮ್ಮ ಹಾಗೆಯೇ ಲೆಕ್ಕ ಬರೆಯುವ ಗುಮಾಸ್ತರು!

ಮಿರೋ ಹುಟ್ಟಿದ್ದು 1893ರ ಏಪ್ರಿಲ್ 20ರಂದು, ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿ. ಅವರ ಮನೆಯಿದ್ದ ಓಣಿಯ ಹೆಸರೇ 'ಕ್ರೆಡಿಟ್ ಓಣಿ'. ನಮ್ಮ ಹಳೆಯ ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ಜಮಾ ಓಣಿ. ತಂದೆ ಅಕ್ಕಸಾಲಿಗರು, ಗಡಿಯಾರದ ಕೆಲಸವನ್ನೂ ಮಾಡುತ್ತಿದ್ದರು. ತಂದೆಯ ತಂದೆ ಕಮ್ಮಾರರು. ತಾಯಿಯ ತಂದೆ ಮಯೋರ್ಕಾ ದ್ವೀಪದಲ್ಲಿ ಮರಗೆಲಸದವರು. ಎಲ್ಲರೂ ಕೈಗೆಲಸದ ಜನ. ಆದರೂ ಮಗ ಚಿತ್ರ ಬರೆಯುತ್ತೇನೆಂದಾಗ ಅಪ್ಪನಿಗೆ ಭಯವಾಯಿತು. ಚಿತ್ರ ಬರೆದರೆ ಹೊಟ್ಟೆ ತುಂಬುತ್ತದೆಯೇ? ಎಲ್ಲ ಊರಿನ ಅಪ್ಪಂದಿರೂ ಕೇಳುವ ಪ್ರಶ್ನೆ ಇದು; ನಾನೂ ಕೇಳಿದ್ದೇನೆ. 14ನೇ ವಯಸ್ಸಿನಲ್ಲಿ ಹುಡುಗನನ್ನು ವಾಣಿಜ್ಯ ಶಾಲೆಗೆ ಸೇರಿಸಿದರು. ಅವನು ಜೊತೆಜೊತೆಗೇ ಕಲಾಶಾಲೆಗೂ ಹೋದ. ಓದು ಮುಗಿದ ಮೇಲೆ, 1910ರಲ್ಲಿ, ಔಷಧಿ ಮತ್ತು ರಾಸಾಯನಿಕ ಮಾರುವ ಒಂದು ದೊಡ್ಡ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಕೊಡಿಸಿದರು.

ಹದಿನೇಳು ವರ್ಷದ ಹುಡುಗ. ದಿನವಿಡೀ ಅಂಕಿ, ಸಂಜೆಗೆ ಮತ್ತೆ ಕೂಡಿಸು, ತಾಳೆ ನೋಡು. ವರ್ಷ ತುಂಬುವಷ್ಟರಲ್ಲಿ ಮನಸ್ಸು ಕುಸಿಯಿತು, ಅದರ ಮೇಲೆ ವಿಷಮಶೀತ ಜ್ವರವೂ ಬಂತು. ಗಾಬರಿಯಾದ ತಂದೆತಾಯಿ ಅವನನ್ನು ಮೊಂಟ್‌ರೋಚ್ ಎಂಬ ಹಳ್ಳಿಯಲ್ಲಿದ್ದ ತಮ್ಮ ತೋಟದ ಮನೆಗೆ ಕಳಿಸಿದರು. ಆ ಹೆಸರಿನ ಅರ್ಥ ಕೆಂಪು ಬೆಟ್ಟ. ಕೆಮ್ಮಣ್ಣು, ಬಿಸಿಲು, ಕತ್ತೆ, ಕೋಳಿ, ಬಸವನಹುಳು. ಅಲ್ಲಿ ಹುಡುಗ ಚೇತರಿಸಿಕೊಂಡ. ಲೆಕ್ಕದ ಪುಸ್ತಕಕ್ಕೆ ಮತ್ತೆ ಮರಳಲಿಲ್ಲ. ಅಪ್ಪ ಕೊನೆಗೆ ಒಪ್ಪಿದರು.

ಬಾರ್ಸಿಲೋನಾಕ್ಕೆ ವಾಪಸಾಗಿ 1912ರಲ್ಲಿ ಗಲೀ ಎಂಬ ಮೇಷ್ಟರ ಕಲಾಶಾಲೆ ಸೇರಿದರು. ಮಕ್ಕಳೇ, ಇಲ್ಲೊಂದು ಸ್ವಾರಸ್ಯ ಕೇಳಿ. ಮಿರೋಗೆ ಬಣ್ಣ ಚೆನ್ನಾಗಿ ಒಲಿದಿತ್ತು, ಆದರೆ ವಸ್ತುಗಳ ಆಕಾರ ಮಾತ್ರ ಕೈಗೆ ಹತ್ತುತ್ತಿರಲಿಲ್ಲ. ಮೇಷ್ಟರು ಬೈಯಲಿಲ್ಲ. ಅವರ ಕಣ್ಣಿಗೆ ಬಟ್ಟೆ ಕಟ್ಟಿ ಕೈಗೆ ಒಂದು ವಸ್ತು ಕೊಡುತ್ತಿದ್ದರು. ಅದನ್ನು ತಡವಿ, ಸವರಿ, ಉಬ್ಬುತಗ್ಗುಗಳನ್ನೆಲ್ಲ ಬೆರಳಿನಿಂದ ತಿಳಿದುಕೊಳ್ಳಬೇಕು. ಆಮೇಲೆ ಆ ವಸ್ತುವನ್ನು ನೋಡದೆಯೇ, ನೆನಪಿನಿಂದ ಬರೆಯಬೇಕು. ಎಷ್ಟೋ ದಶಕಗಳ ನಂತರ ಮಿರೋ ಶಿಲ್ಪಗಳನ್ನು ಮಾಡಲು ಕೂತಾಗ, ಈ ಬೆರಳಿನ ಪಾಠವೇ ತಮಗೆ ನೆರವಾಯಿತೆಂದು ಹೇಳಿಕೊಂಡಿದ್ದಾರೆ.

1918ರಲ್ಲಿ ಬಾರ್ಸಿಲೋನಾದಲ್ಲಿ ಮೊದಲ ಪ್ರದರ್ಶನ ನಡೆಯಿತು. ಜನ ನೋಡಿ ನಕ್ಕರು, ಗೇಲಿ ಮಾಡಿದರು. 1920ರಲ್ಲಿ ಪ್ಯಾರಿಸ್ಸಿಗೆ ಹೋದರು. ಆಗ ಚಿತ್ರಕಾರರಿಗೆಲ್ಲ ಪ್ಯಾರಿಸ್ಸೇ ಕಾಶಿ. ಅಲ್ಲಿನ ಮ್ಯೂಸಿಯಂಗಳನ್ನೂ ಗದ್ದಲವನ್ನೂ ನೋಡಿ ದಂಗಾದ ಮಿರೋಗೆ ಮೊದಲ ಸಲ ಅಲ್ಲಿದ್ದಷ್ಟು ದಿನವೂ ಕುಂಚ ಹಿಡಿಯಲಾಗಲಿಲ್ಲವಂತೆ. ಪಿಕಾಸೊ ಮಾತ್ರ ಈ ಸಂಕೋಚದ ಯುವಕನನ್ನು ಆದರದಿಂದ ಕಂಡರು. ಮಿರೋ 1919ರಲ್ಲಿ ಬರೆದಿದ್ದ ಸ್ವಂತ ಮುಖದ ಚಿತ್ರ ಪಿಕಾಸೊ ಅವರ ಸಂಗ್ರಹ ಸೇರಿತು.

ಈಗ 'ತೋಟ' ಎಂಬ ಚಿತ್ರದ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಮಿರೋ ಬರೆದದ್ದನ್ನು ನೋಡಿ 'ಇದನ್ನು ನಮ್ಮ ಮನೆಯ ಮಗುವೂ ಗೀಚುತ್ತೆ' ಎನ್ನುವವರು (ನಾನೂ ಅಂದಿದ್ದವನೇ) ಮೊದಲು ಈ ಚಿತ್ರ ನೋಡಬೇಕು. 1921-22ರಲ್ಲಿ ಇದಕ್ಕೆ ಅವರು ವ್ಯಯಿಸಿದ್ದು ಒಂಬತ್ತು ತಿಂಗಳು. ಮೊಂಟ್‌ರೋಚ್‌ನಲ್ಲಿ ಶುರುಮಾಡಿ, ಬಾರ್ಸಿಲೋನಾದಲ್ಲಿ ಮುಂದುವರಿಸಿ, ಪ್ಯಾರಿಸ್ಸಿನ ಬ್ಲೋಮೆ ಬೀದಿಯ ಕೋಣೆಯಲ್ಲಿ ಮುಗಿಸಿದರು. ತೋಟದ ಹುಲ್ಲು ಹೇಗಿತ್ತೆಂದು ಮರೆಯಬಾರದಲ್ಲ, ಅದಕ್ಕಾಗಿ ಊರಿನಿಂದ ಒಣಹುಲ್ಲಿನ ಎಳೆಗಳನ್ನೇ ಪ್ಯಾರಿಸ್ಸಿಗೆ ಹೊತ್ತು ತಂದಿದ್ದರು! ಚಿತ್ರದ ನಡುವೆ ನಮಗೆಲ್ಲ ಗೊತ್ತಿರುವ ನೀಲಗಿರಿ ಮರ. ಎಡಕ್ಕೆ ಗೋಡೆ ಬಿರುಕು ಬಿಟ್ಟ ಮನೆ. ಬಲಕ್ಕೆ ಕೋಳಿಗೂಡು, ಮೊಲ, ಆಡು. ಹಿಂದೆ ನೀರೆತ್ತುವ ಚಕ್ರ ತಿರುಗಿಸುವ ಪ್ರಾಣಿ, ಬಟ್ಟೆ ಒಗೆಯುವ ಹೆಂಗಸು, ಹತ್ತಿರದಲ್ಲೇ ಅವಳ ಮಗು. ಮುಂದೆ ಬಕೆಟ್ಟು, ಗಿಡಕ್ಕೆ ನೀರು ಹಾಕುವ ಡಬ್ಬಿ, ಮಡಿಸಿಟ್ಟ ಪ್ಯಾರಿಸ್ ಪತ್ರಿಕೆ, ಹಲ್ಲಿ, ಬಸವನಹುಳು, ನೆಲದ ಮೇಲೆ ಹೆಜ್ಜೆ ಗುರುತು. ಒಂದೊಂದು ಎಲೆಯೂ ಬೇರೆ ಬೇರೆ. ಗೋಡೆಯ ಬಿರುಕಿಗೂ ಮರಕ್ಕೂ ಒಂದೇ ಮರ್ಯಾದೆ. ನೋಡಿದಾಗ ನನಗನ್ನಿಸಿದ್ದು: ಇದು ಸ್ಟಾಕ್ ರಿಜಿಸ್ಟರು! ತೋಟದ ಮನೆಯ ಒಂದು ವಸ್ತುವನ್ನೂ ಬಿಡದೆ ಜಮಾ ಮಾಡಿಕೊಂಡ ಪಟ್ಟಿ. ಗುಮಾಸ್ತಗಿರಿ ಬಿಟ್ಟರೂ ಅದು ಅವರನ್ನು ಪೂರ್ತಿ ಬಿಟ್ಟಿರಲಿಲ್ಲ.

ಇಷ್ಟು ಕಷ್ಟಪಟ್ಟ ಚಿತ್ರವನ್ನು ಕೊಳ್ಳುವವರೇ ಇರಲಿಲ್ಲ. ಕೊನೆಗೆ 1925ರಲ್ಲಿ ಅಮೆರಿಕದ ಲೇಖಕ ಅರ್ನೆಸ್ಟ್ ಹೆಮಿಂಗ್ವೆ ಅದನ್ನು 5,000 ಫ್ರಾಂಕ್‌ಗೆ ಕೊಂಡರು. ಅವರಿಗೂ ಆಗ ಹಣದ ಅಡಚಣೆಯೇ. ಸ್ನೇಹಿತರಿಂದ ಸಾಲ ಎತ್ತಿ ಹೊಂದಿಸಿದರಂತೆ. ತೆರೆದ ಟ್ಯಾಕ್ಸಿಯಲ್ಲಿ ಮನೆಗೆ ತರುವಾಗ ಗಾಳಿ ಹೊಡೆತಕ್ಕೆ ಕ್ಯಾನ್ವಾಸು ಹಡಗಿನ ಪಟದಂತೆ ಉಬ್ಬಿ, ಡ್ರೈವರನಿಗೆ ಮೆಲ್ಲಗೆ ಓಡಿಸಲು ಹೇಳಬೇಕಾಯಿತೆಂದು ಅವರೇ ಬರೆದಿದ್ದಾರೆ. ಈಗ ಆ ಚಿತ್ರ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ.

ಬೇರೆ ಯಾರಾದರೂ ಆಗಿದ್ದರೆ ಅದೇ ಧಾಟಿಯಲ್ಲಿ ಇನ್ನೂ ಹತ್ತು ತೋಟ ಬರೆಯುತ್ತಿದ್ದರೇನೋ. ಮಿರೋ ಹಾಗೆ ಮಾಡಲಿಲ್ಲ. 'ತೋಟ' ಮುಗಿದ ಮರುವರ್ಷವೇ 'ಉತ್ತ ಹೊಲ' ಶುರುಮಾಡಿದರು. ಅದೇ ಊರು, ಅದೇ ಮನೆ, ಅದೇ ಪ್ರಾಣಿಗಳು. ಆದರೆ ಈಗ ಮರಕ್ಕೆ ಕಿವಿ ಬಂದಿತ್ತು.

ಹೀಗಾದದ್ದು ಹೇಗೆ? ಬ್ಲೋಮೆ ಬೀದಿಯಲ್ಲಿ ಅವರ ಪಕ್ಕದ ಕೋಣೆಯಲ್ಲಿ ಆಂದ್ರೆ ಮಾಸೋಂ ಎಂಬ ಚಿತ್ರಕಾರರಿದ್ದರು. ಅವರಲ್ಲಿಗೆ ಕವಿಗಳು ಬರುತ್ತಿದ್ದರು. ಆ ಬಳಗದ ಎಷ್ಟೋ ಮಂದಿ ಸೇರಿದ ಗುಂಪೇ ಸರ್ರಿಯಲಿಸ್ಟರದು. 1924ರಲ್ಲಿ ಆಂದ್ರೆ ಬ್ರೆತೋಂ ಎಂಬ ಕವಿ ಅದರ ಪ್ರಣಾಳಿಕೆ ಹೊರಡಿಸಿದರು. ಸರ್ರಿಯಲಿಸಂ ಎಂಬ ಪದಕ್ಕೆ ಹೆದರಬೇಡಿ ಮಕ್ಕಳೇ. ನಿಮ್ಮ ಕನಸು ನೆನಪಿಸಿಕೊಳ್ಳಿ. ಅಜ್ಜಿ ಮನೆಯ ಹಿತ್ತಲಿಗೆ ಹೋದರೆ ಅಲ್ಲೊಂದು ರೈಲು ನಿಂತಿರುತ್ತದೆ, ಗಾರ್ಡ್ ಯಾರೆಂದು ನೋಡಿದರೆ ನಿಮ್ಮ ಗಣಿತದ ಮೇಷ್ಟರು. ಕನಸಿನೊಳಗೆ ನಿಮಗೆ ಅದು ಸ್ವಲ್ಪವೂ ವಿಚಿತ್ರ ಅನ್ನಿಸುವುದಿಲ್ಲ. ಎಚ್ಚರವಾದ ಮೇಲೆಯೇ ನಗು. ಎಚ್ಚರದ ಲೋಕ ಎಷ್ಟು ನಿಜವೋ ಆ ಕನಸಿನ ಲೋಕವೂ ಅಷ್ಟೇ ನಿಜ, ಎರಡನ್ನೂ ಒಂದೇ ಚಿತ್ರದಲ್ಲಿ, ಒಂದೇ ಕವಿತೆಯಲ್ಲಿ ಸೇರಿಸೋಣ ಎಂದವರು ಈ ಜನ. ಕರಗಿ ಇಳಿಬಿದ್ದ ಗಡಿಯಾರಗಳನ್ನು ಬರೆದ, ಚೂಪು ಮೀಸೆಯ ಡಾಲಿಯವರೂ ಇದೇ ಗುಂಪಿನವರೇ, ಸ್ವಲ್ಪ ಆಮೇಲೆ ಬಂದವರು. ಡಾಲಿ ಇದ್ದಲ್ಲಿ ಗಲಾಟೆ. ಮಿರೋ ಅದಕ್ಕೆ ತದ್ವಿರುದ್ಧ. ಅಚ್ಚುಕಟ್ಟಾದ ಕೋಟು, ಟೈ, ಮಿತ ಮಾತು.

ಆ ದಿನಗಳಲ್ಲಿ ಅವರಿಗೆ ಕಡು ಬಡತನ. ಎಷ್ಟೋ ದಿನ ನಾಲ್ಕು ಒಣ ಅಂಜೂರ ತಿಂದು ಮಲಗುತ್ತಿದ್ದರು. ಯಾರಲ್ಲೂ ಕೈಯೊಡ್ಡಲು ಅಭಿಮಾನ ಬಿಡುತ್ತಿರಲಿಲ್ಲ. ಹಸಿವಿನಲ್ಲಿ ಬರಿಯ ಗೋಡೆ ನೋಡುತ್ತಾ ಕೂತರೆ ಬಿರುಕು, ಕಲೆಗಳೆಲ್ಲ ಏನೇನೋ ಆಕಾರವಾಗಿ ಕಾಣುತ್ತಿದ್ದವು. ಕಂಡದ್ದನ್ನು ಕಂಡ ಹಾಗೆ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಆ ಕಾಲದ ಚಿತ್ರ 'ಹಾರ್ಲೆಕ್ವಿನ್‌ನ ಜಾತ್ರೆ' (1924-25). ಒಂದು ಕೋಣೆ ತುಂಬ ಬೊಂಬೆಯಂಥ ಪ್ರಾಣಿಗಳ ಹಬ್ಬ: ದಾರದುಂಡೆಯ ಎಳೆಯೊಡನೆ ಆಡುವ ಬೆಕ್ಕುಗಳು, ಮೇಜಿನ ಮೇಲೆ ಮೀನು, ಒಂದು ಏಣಿ, ಆ ಏಣಿಗೂ ಕಿವಿ! ಹೊಟ್ಟೆ ತುಂಬದವನು ಬರೆದ ಚಿತ್ರವೆಂದು ಹೇಳದಿದ್ದರೆ ಗೊತ್ತಾಗುವುದೇ ಇಲ್ಲ. 1925ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಪ್ರದರ್ಶನ ಶುರುವಾದದ್ದು ನಡುರಾತ್ರಿಯಲ್ಲಿ. ಜನ ನೂಕುನುಗ್ಗಲಾಗಿ ಬಂದರು.

ಅದೇ ವರ್ಷ ಇನ್ನೊಂದು ಚಿತ್ರ ಬರೆದರು. ಬಿಳಿ ಕ್ಯಾನ್ವಾಸು, ಒಂದು ಮೂಲೆಯಲ್ಲಿ ಕಾಪಿ ಬರೆದಷ್ಟು ದುಂಡಗೆ 'ಫೋಟೋ' ಎಂಬ ಪದ, ಇನ್ನೊಂದು ಕಡೆ ಬೆರಳಲ್ಲಿ ಒತ್ತಿದ ಹಾಗೆ ಒಂದು ನೀಲಿ ಮಚ್ಚೆ, ಅದರ ಕೆಳಗೆ ಫ್ರೆಂಚಿನಲ್ಲಿ 'ಇದು ನನ್ನ ಕನಸುಗಳ ಬಣ್ಣ' ಎಂಬ ಸಾಲು. ಅಷ್ಟೇ. ತೋಟದ ರಿಜಿಸ್ಟರಿನಿಂದ ಇಲ್ಲಿಗೆ ಮೂರೇ ವರ್ಷ.

ಇಂಥ ಚಿತ್ರಗಳು ಕಣ್ಣು ಮುಚ್ಚಿ, ತೋಚಿದ್ದು ಗೀಚಿದ್ದು ಎಂದೇ ಬಹಳ ಕಾಲ ಜನ ನಂಬಿದ್ದರು. ಸರ್ರಿಯಲಿಸ್ಟರಿಗೂ ಹಾಗೆ ಹೇಳುವುದು ಇಷ್ಟವಿತ್ತು. ಆದರೆ ಮಿರೋ ತಮ್ಮ ಹಳೆಯ ಪೆನ್ಸಿಲ್ ಪುಸ್ತಕಗಳನ್ನೆಲ್ಲ ಜೋಪಾನವಾಗಿ ಇಟ್ಟಿದ್ದರು. ಅವು ಹೊರಬಿದ್ದಾಗ ಗೊತ್ತಾಯಿತು: ಸಲೀಸಾಗಿ ಕಾಣುವ ಎಷ್ಟೋ ಚಿತ್ರಗಳಿಗೆ ಮೊದಲೇ ಪುಟ್ಟ ಕರಡು ಇತ್ತು. ಯಾವುದು ಎಲ್ಲಿ, ಎಷ್ಟು ದೂರ ಎಂಬುದೆಲ್ಲ ಯೋಚಿಸಿದ್ದು. ತಮ್ಮ ಕೆಲಸಕ್ಕೆ ಹಂತಗಳಿವೆ ಎಂದು ಅವರೇ ವಿವರಿಸಿದ್ದಾರೆ. ಮೊದಲು ಕೈ ಓಡಿದ ಹಾಗೆ ಬಿಡುವುದು. ಬಿದ್ದ ಒಂದು ಬಣ್ಣದ ಹನಿ, ಉದುರಿದ ದಾರದ ತುಂಡು, ಕಾಗದದ ಒರಟು, ಏನಾದರೂ ಸಾಕು, ಅಲ್ಲಿಂದ ಒಂದು ಆಕಾರ ಹುಟ್ಟುತ್ತದೆ. ಎರಡನೇ ಹಂತ ಬಹಳ ಲೆಕ್ಕಾಚಾರದ್ದು: ಅಳೆದು, ತೂಗಿ, ಬೇಕಾದ್ದು ಸೇರಿಸಿ, ಬೇಡದ್ದು ತೆಗೆಯುವುದು. ಇದನ್ನು ಓದಿ ನಾನು ತೊಡೆ ತಟ್ಟಿಕೊಂಡೆ. ನಮ್ಮ ಬ್ಯಾಂಕಿನಲ್ಲಿ ಎಂಟ್ರಿ ಹಾಕುವವನು ಒಬ್ಬ, ಚೆಕ್ ಮಾಡುವವನು ಇನ್ನೊಬ್ಬ. ಮಿರೋ ಅವರಲ್ಲಿ ಇಬ್ಬರೂ ಒಂದೇ ಕುರ್ಚಿಯಲ್ಲಿ ಕೂತಿದ್ದರು. ಆದರೆ ಅವರ ಚೆಕ್ಕಿಂಗ್ ಗುಮಾಸ್ತ ಕಿವಿಯನ್ನು ಅಳಿಸುವವನಲ್ಲ, ಕಿವಿ ಎಲ್ಲಿದ್ದರೆ ಚೆನ್ನ ಎಂದು ನೋಡುವವನು.

ದಿನಚರಿಯೂ ಹಾಗೆಯೇ. 1930ರ ದಶಕದಲ್ಲಿ ಬಾರ್ಸಿಲೋನಾದಲ್ಲಿದ್ದಾಗ ಬೆಳಿಗ್ಗೆ ಆರಕ್ಕೆ ಎದ್ದು, ಏಳರಿಂದ ಹನ್ನೆರಡರವರೆಗೆ ಕೆಲಸ. ಆಮೇಲೆ ವ್ಯಾಯಾಮ, ಮಿತ ಊಟ, ಐದೇ ನಿಮಿಷದ ನಿದ್ದೆ. ಮತ್ತೆ ಮೂರರಿಂದ ಎಂಟರವರೆಗೆ ಕೆಲಸ. ಕಲಾವಿದರೆಂದರೆ ಮಧ್ಯಾಹ್ನ ಏಳುವವರು ಎಂದುಕೊಂಡಿದ್ದೆ!

ಅಷ್ಟು ನಿಯಮದ ಮನುಷ್ಯ ಚಿತ್ರದ ಶೈಲಿಯಲ್ಲಿ ಮಾತ್ರ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಕೈಗೆ ಒಂದು ರೂಢಿ ಬಿತ್ತೆಂದು ಅನುಮಾನ ಬಂದರೆ ಸಾಕು, ದಾರಿ ಬದಲಾಯಿಸುತ್ತಿದ್ದರು. 1928ರಲ್ಲಿ ಹಾಲೆಂಡಿಗೆ ಹೋದಾಗ ಅಲ್ಲಿಯ ಹಳೆಯ ಚಿತ್ರಗಳ ಪೋಸ್ಟ್‌ಕಾರ್ಡ್ ಕೊಂಡು ತಂದರು. ಒಂದರಲ್ಲಿ ಒಬ್ಬ ಲ್ಯೂಟ್ ಎಂಬ ತಂತಿವಾದ್ಯ ನುಡಿಸುತ್ತಿದ್ದಾನೆ, ಎದುರಿಗೆ ಮಹಿಳೆ ಕೂತಿದ್ದಾಳೆ, ನಾಯಿ ಬೆಕ್ಕು ಇವೆ. ಸೋರ್ಗ್ ಎಂಬ ಡಚ್ ಚಿತ್ರಕಾರ 1661ರಲ್ಲಿ ಬರೆದದ್ದು. ಅದನ್ನು ಮುಂದಿಟ್ಟುಕೊಂಡು ಮಿರೋ 'ಡಚ್ ಒಳಾಂಗಣ' ಬರೆದರು. ಇದರಲ್ಲಿ ವಾದ್ಯ ಬೃಹದಾಕಾರ ತಾಳಿದೆ, ಪಾಪ ಆ ಮಹಿಳೆಯನ್ನು ಹುಡುಕಬೇಕು. ಮನಸ್ಸಿಗೆ ಯಾವುದು ದೊಡ್ಡದೋ ಅದು ಚಿತ್ರದಲ್ಲೂ ದೊಡ್ಡದು. ನಿಮ್ಮ ಮನೆಯ ಪುಟ್ಟ ಮಗು 'ಅಮ್ಮ' ಎಂದು ಬರೆದದ್ದನ್ನು ನೋಡಿ, ಅಮ್ಮ ಮನೆಗಿಂತ ಎತ್ತರ ಇರುತ್ತಾಳೆ.

1933ರಲ್ಲಿ ಇನ್ನೊಂದು ಆಟ. ಯಂತ್ರ, ಸಲಕರಣೆಗಳ ಚಿತ್ರಗಳನ್ನು ಪತ್ರಿಕೆ, ಕ್ಯಾಟಲಾಗ್‌ಗಳಿಂದ ಕತ್ತರಿಸಿ ಕಾಗದಕ್ಕೆ ಅಂಟಿಸಿದರು. ಆಮೇಲೆ ಅವುಗಳನ್ನೇ ನೋಡುತ್ತಾ ದೊಡ್ಡ ಕ್ಯಾನ್ವಾಸಿನ ಮೇಲೆ ಬರೆದರೆ ಕಬ್ಬಿಣದ ಸಾಮಾನುಗಳೆಲ್ಲ ತೇಲುವ ಜೀವಿಗಳಾದವು. ಹೀಗೆ 18 ಚಿತ್ರ. ಹಳೆಯ ಪತ್ರಿಕೆಗಳನ್ನು ರದ್ದಿಗೆ ಹಾಕುವ ಮುನ್ನ ಒಂದು ಭಾನುವಾರ ನೀವೂ ಮಾಡಿ ನೋಡಬಹುದು.

1936ರಲ್ಲಿ ಸ್ಪೇನಿನಲ್ಲಿ ಅಂತರ್ಯುದ್ಧ ಶುರುವಾಯಿತು. ಮಿರೋ ಸಂಸಾರ ಸಮೇತ ಪ್ಯಾರಿಸ್ಸಿನಲ್ಲೇ ಉಳಿಯಬೇಕಾಯಿತು. ಊರಿಲ್ಲ, ಮನೆಯಿಲ್ಲ, ಅರ್ಧಕ್ಕೆ ಬಿಟ್ಟ ಚಿತ್ರಗಳೆಲ್ಲ ಬಾರ್ಸಿಲೋನಾದಲ್ಲಿ. ಇಂಥ ಸಮಯದಲ್ಲಿ ಕನಸಿನ ಚಿತ್ರ ಹೇಗೆ ಬರೆಯುವುದು? ಮತ್ತೆ ವಿದ್ಯಾರ್ಥಿಯಾದರು. ಹೆಸರುವಾಸಿಯಾದ ಆ ಕಲಾವಿದ ಹುಡುಗರ ಜೊತೆ ಕಲಾಶಾಲೆಯಲ್ಲಿ ಕೂತು, ಎದುರಿಗೆ ನಿಂತವರನ್ನು ನೋಡಿ ಬರೆಯುವ ಪಾಠಕ್ಕೆ ಹೋದರು. ಮೇಜಿನ ಮೇಲೆ ಒಂದು ಹಳೆಯ ಬೂಟು, ಕಾಗದ ಸುತ್ತಿದ ಸೀಸೆ, ಮುಳ್ಳುಚಮಚ ಚುಚ್ಚಿದ ಸೇಬು, ಬ್ರೆಡ್ಡಿನ ತುಂಡು ಇಟ್ಟುಕೊಂಡು, 1937ರಲ್ಲಿ ತಿಂಗಳುಗಟ್ಟಲೆ ಅವನ್ನೇ ನೋಡಿ ಒಂದು ಚಿತ್ರ ಬರೆದರು. ಬಡವರ ಮನೆಯ ಸಾಮಾನು. ಅವೆಲ್ಲ ಒಳಗಿನಿಂದ ಹೊತ್ತಿ ಉರಿಯುವ ಹಾಗೆ ಹಳದಿ, ಕೆಂಪು, ಹಸಿರು, ಸುತ್ತ ಕಗ್ಗತ್ತಲು. ಆ ಚಿತ್ರದಲ್ಲಿ ಬಂದೂಕಿಲ್ಲ, ಸೈನಿಕರಿಲ್ಲ. ಆದರೂ ಯುದ್ಧವಿದೆ.

ಆಮೇಲೆ ಎರಡನೇ ಮಹಾಯುದ್ಧವೂ ಬಂತು. ಆಗ ಮಿರೋ ಫ್ರಾನ್ಸಿನ ಸಮುದ್ರ ದಂಡೆಯ ವಾರಾಂಜ್‌ವಿಲ್ ಎಂಬ ಹಳ್ಳಿಯಲ್ಲಿದ್ದರು. ವಿಮಾನಗಳಿಗೆ ಬೆಳಕು ಕಾಣಬಾರದೆಂದು ರಾತ್ರಿ ಕಿಟಕಿಗಳಿಗೆಲ್ಲ ಕಪ್ಪು ಪರದೆ. ಹೊರಗಿನ ಆಕಾಶ ನೋಡಲು ಆಗದಿದ್ದ ಆ ದಿನಗಳಲ್ಲೇ, 1940ರ ಜನವರಿ 21ರಂದು, ಅವರು ನಕ್ಷತ್ರಗಳನ್ನು ಬರೆಯಲು ಕೂತರು. ಆ ಮಾಲೆಗೆ ಆಮೇಲೆ ಬಂದ ಹೆಸರು 'ನಕ್ಷತ್ರಪುಂಜಗಳು'. ಚಿಕ್ಕ ಕಾಗದಗಳು, ನಮ್ಮ ಡ್ರಾಯಿಂಗ್ ಹಾಳೆಯಷ್ಟು, 38 ಸೆಂಟಿಮೀಟರ್‌ಗೆ 46. ಮೊದಲು ಕಾಗದವನ್ನು ಒದ್ದೆ ಮಾಡಿ, ಉಜ್ಜಿ, ಒರಟು ಮಾಡಿ, ತೆಳು ಬಣ್ಣ ಬಳಿಯುತ್ತಿದ್ದರು. ಅದರ ಮೇಲೆ ಚುಕ್ಕಿ, ಅರ್ಧಚಂದ್ರ, ಕಣ್ಣು, ಹಕ್ಕಿ, ಏಣಿ. ಚುಕ್ಕಿಗಳ ನಡುವೆ ಕೂದಲೆಳೆಯಷ್ಟು ಸಣ್ಣ ಗೆರೆ.

ನನ್ನಾಕೆ ಕನ್ನಡಕ ಹಾಕಿಕೊಂಡು ಈ ಪುಟ ನೋಡಿ, "ಇದು ಚುಕ್ಕಿ ರಂಗೋಲಿಯಲ್ಲವೇ, ಎಳೆ ಬಿಟ್ಟುಹೋಗದ ಹಾಗೆ ಎಷ್ಟು ಚೆನ್ನಾಗಿ ಎಳೆದಿದ್ದಾರೆ" ಎಂದಳು. ನಮ್ಮ ಭಾಷೆಯಲ್ಲಿ ನೆಲದ ಮೇಲಿಡುವುದೂ ಚುಕ್ಕಿ, ಆಕಾಶದಲ್ಲಿರುವುದೂ ಚುಕ್ಕಿ. ಮಿರೋ ಅವರಿಗೆ ಕನ್ನಡ ಬಂದಿದ್ದರೆ ಈ ಮಾತು ಖುಷಿ ಕೊಡುತ್ತಿತ್ತು. ಒಂದು ಚುಕ್ಕಿ ಇಟ್ಟರೆ ಅದು ಇನ್ನೊಂದನ್ನು ಕೇಳುತ್ತದೆ, ಒಂದು ಕಡೆ ಭಾರವಾದರೆ ಇನ್ನೊಂದು ಕಡೆ ಸರಿದೂಗಿಸಬೇಕು. ಒಂದೊಂದು ಹಾಳೆಗೂ ವಾರಗಟ್ಟಲೆ ಬೇಕಾಗುತ್ತಿತ್ತು.

ಹತ್ತು ಹಾಳೆ ಆಗುವಷ್ಟರಲ್ಲಿ ಜರ್ಮನ್ ಸೇನೆ ಒಳನುಗ್ಗಿತು, ಬಾಂಬುಗಳು ಬೀಳತೊಡಗಿದವು. 1940ರ ಮೇ ತಿಂಗಳಲ್ಲಿ ಹೆಂಡತಿ ಪಿಲಾರ್, ಪುಟ್ಟ ಮಗಳು ಮತ್ತು ಕಂಕುಳಲ್ಲಿ ಚಿತ್ರಗಳ ಕಟ್ಟು, ಇಷ್ಟರೊಂದಿಗೆ ರೈಲು ಹಿಡಿದರು. ಪ್ಯಾರಿಸ್ ದಾಟಿ, ಗಡಿ ದಾಟಿ, ಕೊನೆಗೆ ಅಜ್ಜನ ಊರಾದ ಮಯೋರ್ಕಾದ ಪಾಲ್ಮಾ ಸೇರಿದರು. ಸ್ಪೇನಿನಲ್ಲಿ ಆಗ ಫ್ರಾಂಕೋನ ಸರ್ವಾಧಿಕಾರ. ಮಿರೋ ಹಿಂದೆ ಅವನ ವಿರೋಧಿಗಳ ಪರ ಚಿತ್ರ ಬರೆದವರು; ಆದ್ದರಿಂದ ಸದ್ದಿಲ್ಲದೆ ಬದುಕಬೇಕಿತ್ತು. ಸಂಜೆ ಅಲ್ಲಿನ ದೊಡ್ಡ ಚರ್ಚಿಗೆ ಹೋಗಿ ಆರ್ಗನ್ ವಾದನ ಕೇಳುತ್ತಾ, ಬಣ್ಣದ ಗಾಜಿನಿಂದ ಇಳಿಯುವ ಬೆಳಕು ನೋಡುತ್ತಾ ಒಬ್ಬರೇ ಕೂತಿರುತ್ತಿದ್ದರಂತೆ. ಮಾಲೆಯ ಕೊನೆಯ ಹಾಳೆ, 23ನೆಯದು, ಮುಗಿದದ್ದು 1941ರ ಸೆಪ್ಟೆಂಬರ್ 12ರಂದು, ಮೊಂಟ್‌ರೋಚ್‌ನಲ್ಲಿ. ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1945ರ ಜನವರಿಯಲ್ಲಿ, ಇವು ನ್ಯೂಯಾರ್ಕಿನಲ್ಲಿ ಪ್ರದರ್ಶನ ಕಂಡವು. ಹೆಚ್ಚು ಜನ ಮಿರೋ ಎಂದೊಡನೆ ನೆನೆಯುವುದು ಈ ಚಿತ್ರಗಳನ್ನೇ.

ಅಲ್ಲಿಗೂ ಅವರು ನಿಲ್ಲಲಿಲ್ಲ. ಜೇಡಿಮಣ್ಣಿಗೆ ಕೈ ಹಾಕಿದರು. ಜೊತೆಗೆ ಗಲೀ ಮೇಷ್ಟರ ಶಾಲೆಯ ಕಾಲದ ಗೆಳೆಯ, ಕುಂಭಕಲೆಯ ಆರ್ಟಿಗಾಸ್. ಪ್ಯಾರಿಸ್ಸಿನ ಯುನೆಸ್ಕೋ ಕಚೇರಿಗೆ ಇವರಿಬ್ಬರೂ ಸೂರ್ಯನದೊಂದು, ಚಂದ್ರನದೊಂದು ಗೋಡೆ ಮಾಡಿದರು, 1958ರಲ್ಲಿ ಮುಗಿಯಿತು. ಮೊದಲು ಸುಟ್ಟ ಬಿಲ್ಲೆಗಳು ತೀರ ಸಪಾಟಾಗಿ, ಯಂತ್ರದಲ್ಲಿ ಮಾಡಿದ ಹಾಗೆ ಕಂಡವೆಂದು ಅವನ್ನು ಬದಿಗೆ ಸರಿಸಿ, ಅಂಕುಡೊಂಕಾದ ಬಿಲ್ಲೆಗಳನ್ನು ಮತ್ತೆ ಹೊಸದಾಗಿ ಸುಟ್ಟರು. ಮಿರೋ ಕುಂಚದ ಬದಲು ಪೊರಕೆ ಹಿಡಿದು ಅದರ ಮೇಲೆ ಗೆರೆ ಎಳೆಯುವಾಗ ಆರ್ಟಿಗಾಸ್ ಉಸಿರು ಬಿಗಿಹಿಡಿದು ನಿಂತಿದ್ದರಂತೆ. ಒಂದು ಗೆರೆ ತಪ್ಪಿದರೆ ತಿಂಗಳುಗಳ ಶ್ರಮ ಮಣ್ಣುಪಾಲು!

1956ರಲ್ಲಿ ಪಾಲ್ಮಾದಲ್ಲಿ ಅವರು ಬಹುದಿನ ಬಯಸಿದ್ದ ದೊಡ್ಡ ಸ್ಟುಡಿಯೋ ಆಯಿತು. ಗೆಳೆಯ ಸೆರ್ಟ್ ಕಟ್ಟಿಸಿಕೊಟ್ಟದ್ದು. ಅದರ ತುಂಬ ನಡೆದಾಡುವಾಗ ಹೆಕ್ಕಿ ತಂದ ಕಲ್ಲು, ಬೇರು, ಮಯೋರ್ಕಾದ ಮಣ್ಣಿನ ಪೀಪಿಗಳು. ತಾವು ತೋಟದ ಮಾಲಿಯ ಹಾಗೆ ಕೆಲಸ ಮಾಡುವವರೆಂದು ಮಿರೋ ಹೇಳುತ್ತಿದ್ದರು: ಚಿತ್ರಗಳು ತಾವಾಗಿ ಬೆಳೆಯಬೇಕು, ಹಣ್ಣಾಗಬೇಕು, ನಡುನಡುವೆ ನೀರು ಹಾಕಬೇಕು, ಕಸಿ ಮಾಡಬೇಕು. ಶುರುಮಾಡಿದ ಚಿತ್ರ ವರ್ಷಗಟ್ಟಲೆ ಗೋಡೆಗೆ ಒರಗಿ ಕಾಯುತ್ತಿದ್ದದ್ದೂ ಉಂಟು.

ಆ ಸ್ಟುಡಿಯೋದಲ್ಲಿ 1961ರಲ್ಲಿ ಹುಟ್ಟಿದ್ದು 'ನೀಲಿ' ಎಂಬ ಮೂರು ಚಿತ್ರ. ಒಂದೊಂದೂ ಸುಮಾರು 9 ಅಡಿ ಎತ್ತರ, 11 ಅಡಿಗೂ ಹೆಚ್ಚು ಅಗಲ. ಈಗ ಪ್ಯಾರಿಸ್ಸಿನ ಪೊಂಪಿದು ಕೇಂದ್ರದಲ್ಲಿವೆ. ಎರಡನೆಯದರಲ್ಲಿ ಏನಿದೆ ಗೊತ್ತೇ? ನೀಲಿ. ಎಡಗಡೆ ಒಂದು ಕೆಂಪು ಗೀಟು. ಸಾಲಾಗಿ ಕೆಲವು ಕಪ್ಪು ಚುಕ್ಕಿ. ಇನ್ನೇನೂ ಇಲ್ಲ. ಬರೆಯಲು ಹಿಡಿದ ಸಮಯಕ್ಕಿಂತ ಯೋಚಿಸಲು ಹಿಡಿದದ್ದು ಹೆಚ್ಚು. ಬಾಣ ಬಿಡುವ ಮುಂಚೆ ಜಪಾನಿನ ಬಿಲ್ಲುಗಾರರು ಉಸಿರು ಹದಗೊಳಿಸಿಕೊಳ್ಳುವ ಹಾಗೆ ಆ ಒಂದೊಂದು ಗೆರೆಗೂ ಸಿದ್ಧವಾಗಬೇಕಿತ್ತೆಂದು ಅವರು ಹೇಳಿದ್ದಾರೆ. ನಾನು 'ತೋಟ'ವನ್ನೂ ಇದನ್ನೂ ಪಕ್ಕ ಪಕ್ಕ ಬಿಚ್ಚಿಟ್ಟು ನೋಡಿದೆ. ನಲವತ್ತು ವರ್ಷದಲ್ಲಿ ಮನೆ ಹೋಯಿತು, ಕೋಳಿ ಹೋಯಿತು, ಮರ, ಹಲ್ಲಿ, ಬಕೆಟ್ಟು ಎಲ್ಲ ಹೋದವು. ಉಳಿದದ್ದು ತೋಟದ ಮೇಲಿದ್ದ ಆ ನೀಲಿ ಆಕಾಶ ಎಂದು ನನ್ನ ಊಹೆ. ಕಲೆ ತಿಳಿದವರು ಒಪ್ಪದಿರಬಹುದು.

80ನೇ ವಯಸ್ಸಿನಲ್ಲಿ ಅವರು ಮಾಡಿದ್ದು ಕೇಳಿದರೆ ನಮ್ಮ ವಯಸ್ಸಿನವರು ಬೆಚ್ಚಿಬೀಳುತ್ತೀರಿ. ಅವರ ಚಿತ್ರಗಳ ಬೆಲೆ ಆಗ ಆಕಾಶಕ್ಕೇರಿತ್ತು. ಜನ ಚಿತ್ರ ನೋಡದೆ ಬೆಲೆಯನ್ನೇ ನೋಡುತ್ತಾರೆಂಬ ಸಿಟ್ಟಿನಲ್ಲಿ, 1973ರ ಡಿಸೆಂಬರ್‌ನಲ್ಲಿ, ಐದು ಕ್ಯಾನ್ವಾಸುಗಳನ್ನು ಚಾಕುವಿನಿಂದ ಸೀಳಿ, ಪೆಟ್ರೋಲ್ ಹಾಕಿ ಬೆಂಕಿ ಕೊಟ್ಟರು. ಬೇಕಾದಷ್ಟು ಸುಟ್ಟ ಮೇಲೆ ಒದ್ದೆ ಬಟ್ಟೆಯಲ್ಲಿ ಆರಿಸಿ, ಮತ್ತೆ ಬಣ್ಣ ಹಾಕಿದರು. ಮರುವರ್ಷ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಅವನ್ನು ಮಧ್ಯದಲ್ಲಿ ತೂಗುಹಾಕಿದ್ದರು. ತೂತುಗಳಲ್ಲಿ ಆಚೆಯ ಜನ ಕಾಣುತ್ತಿದ್ದರು. (ಮಕ್ಕಳೇ, ಕತ್ತರಿಸಿ ಅಂಟಿಸುವುದನ್ನು ಮಾಡಿ ನೋಡಿ ಎಂದೆ, ಇದನ್ನಲ್ಲ.)

1975ರಲ್ಲಿ ಬಾರ್ಸಿಲೋನಾದ ಮೊಂಜುಯಿಕ್ ಗುಡ್ಡದ ಮೇಲೆ ಮಿರೋ ಪ್ರತಿಷ್ಠಾನ ತೆರೆಯಿತು. ಸಾವಿರಾರು ಚಿತ್ರ, ಕರಡುಗಳನ್ನು ಅದಕ್ಕೆ ಕೊಟ್ಟರು. ಊರಿನ ರಾಂಬ್ಲಾ ಎಂಬ ನಡೆದಾಡುವ ಬೀದಿಯಲ್ಲಿ 1976ರಲ್ಲಿ ಅವರ ಚಿತ್ರವನ್ನು ನೆಲಕ್ಕೇ ಹಾಸಿದ್ದಾರೆ. ಕೆಂಪು, ಹಳದಿ, ನೀಲಿ ಬಿಲ್ಲೆಗಳ ಮೇಲೆ ಜನ ದಿನವೂ ತುಳಿದುಕೊಂಡೇ ಹೋಗುತ್ತಾರೆ. ಅವರು ಹುಟ್ಟಿದ ಜಮಾ ಓಣಿ ಅಲ್ಲಿಂದ ಬಹಳ ದೂರವೇನಲ್ಲ. 1983ರ ಡಿಸೆಂಬರ್ 25ರಂದು, 90 ವರ್ಷ ತುಂಬಿದ್ದ ಮಿರೋ ಪಾಲ್ಮಾದಲ್ಲಿ ತೀರಿಕೊಂಡರು.

ಬ್ಯಾಂಕಿನವನಾದ ನಾನು ಹೇಳದೆ ಬಿಡಲಾರದ ಒಂದು ಸಂಗತಿ ಉಳಿದಿದೆ. ಬಾರ್ಸಿಲೋನಾದಲ್ಲಿ ಲಾ ಕೈಶಾ ಎಂಬ ದೊಡ್ಡ ಉಳಿತಾಯ ಬ್ಯಾಂಕಿತ್ತು. ಅದರ ಲಾಂಛನ ಒಂದು ನೀಲಿ ನಕ್ಷತ್ರ, ಪಕ್ಕದಲ್ಲಿ ಒಂದು ಹಳದಿ ಚುಕ್ಕಿ, ಒಂದು ಕೆಂಪು ಚುಕ್ಕಿ. ಮಿರೋ ಆ ಬ್ಯಾಂಕಿಗಾಗಿ 1980ರ ಸುಮಾರಿಗೆ ಮಾಡಿಕೊಟ್ಟ ನೇಯ್ಗೆಯ ಚಿತ್ರದಿಂದ ಬಂದದ್ದು. ಲೆಡ್ಜರ್ ನೋಡಿ ಕಾಯಿಲೆ ಬಿದ್ದ ಹುಡುಗನ ನಕ್ಷತ್ರವೇ ಬ್ಯಾಂಕಿನ ಗುರುತಾಯಿತು!

ಹೋದ ಭಾನುವಾರ ಮೊಮ್ಮಗಳು ಟವೆಲ್ ತಂದು ನನ್ನ ಕಣ್ಣಿಗೆ ಕಟ್ಟಿದಳು. ಗಲೀ ಮೇಷ್ಟರ ಪಾಠ. ಕೈಗೆ ಏನೋ ಗಂಟುಗಂಟಾದದ್ದು ಕೊಟ್ಟಳು. ವಾಸನೆಯಿಂದಲೇ ಶುಂಠಿ ಎಂದು ಗೊತ್ತಾಯಿತು, ಆದರೆ ಮೋಸ ಮಾಡಬಾರದೆಂದು ಚೆನ್ನಾಗಿ ತಡವಿದೆ. ಅದನ್ನು ಒಳಗೆ ಇಟ್ಟು ಬಂದ ಮೇಲೆ ಟವೆಲ್ ಬಿಚ್ಚಿಸಿ ಪೆನ್ಸಿಲ್ ಕೊಟ್ಟಳು. ಎಪ್ಪತ್ತು ದಾಟಿದ ಮೇಲೆ ನಾನು ಬರೆದ ಮೊದಲ ಚಿತ್ರ. ಶುಂಠಿಯೋ, ಮಲಗಿದ ಒಂಟೆಯೋ ಹೇಳುವುದು ಕಷ್ಟ. ಅವಳು ಕಾಗದ ತೆಗೆದುಕೊಂಡು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು. ಆಮೇಲೆ ಪೆನ್ಸಿಲ್ ಇಸಿದುಕೊಂಡು ಅದಕ್ಕೊಂದು ಕಿವಿ ಬರೆದಳು.

ರಬ್ಬರ್ ನನ್ನ ಪಕ್ಕದಲ್ಲೇ ಇತ್ತು. ಅದನ್ನು ಅವಳ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದೆ.